ಕಾಡುಹಂದಿ ಅಡ್ಡ ಬಂದ್ರೆ ಇನ್ಶೂರೆನ್ಸ್ ಬರ್ತದಾ?

ಗಾಡಿಗೆ ಕಾಡುಪ್ರಾಣಿ ಡಿಕ್ಕಿ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಬಂಡೀಪುರ, ನಾಗರಹೊಳೆ. ನಮ್ಮ ವಡಗೇರಾ ಕಡೆ ಅಂಥ ಕಾಡು ಇಲ್ಲ. ಕೃಷ್ಣಾ ಮತ್ತು ಭೀಮಾ ನಡುವಿನ ಬಯಲು ಸೀಮೆ ಇದು. ನಾರಾಯಣಪುರ ಎಡದಂಡೆ ಕಾಲುವೆ ನೀರು ಬಂದ ಕಡೆ ಭತ್ತ, ಬರದ ಕಡೆ ಹತ್ತಿ, ತೊಗರಿ, ಹೆಸರು. ಆದ್ರೂ ನಮ್ಮ ಕಡೆ ರಾತ್ರಿ ಬೈಕ್ ಓಡಿಸುವ ಯಾರನ್ನಾದ್ರೂ ಕೇಳಿ, ಒಂದಲ್ಲ ಒಂದು ಸಲ ಹಂದಿ ಅಥವಾ ಚಿಗರಿ ಅಡ್ಡ ಬಂದ ಕಥೆ ಇದ್ದೇ ಇರ್ತದೆ. ಕಥೆ ಕೇಳೋಕೆ ಚೆನ್ನಾಗಿರ್ತದೆ. ಆಮೇಲೆ ಆಸ್ಪತ್ರೆ ಬಿಲ್, ಗ್ಯಾರೇಜ್ ಬಿಲ್ ಯಾರು ಕಟ್ಟಿದ್ರು ಅಂತ ಕೇಳಿದ್ರೆ ಮಾತ್ರ ಎಲ್ಲರೂ ಸುಮ್ಮನಾಗ್ತಾರೆ.

ನಮ್ಮ ಕಾಲೇಜಿನಲ್ಲಿ ಅರ್ಧಕ್ಕರ್ಧ ಜನ ವೀಕೆಂಡ್ ಊರಿಗೆ ಹೋಗೋದು ಬೈಕಲ್ಲೇ. ಆ ಬೈಕುಗಳಲ್ಲಿ ಬಹಳಷ್ಟು ಅಪ್ಪನ ಹೆಸರಲ್ಲಿ ಇರ್ತವೆ. ಇನ್ಶೂರೆನ್ಸ್ ಅಂದ್ರೆ ಪೊಲೀಸ್ ಕೈ ಮಾಡಿದಾಗ ತೋರಿಸೋ ಪೇಪರ್ ಅಂತಷ್ಟೇ ನಮಗೆ ಗೊತ್ತು. ಆ ಪೇಪರ್ ಒಳಗೆ ಏನಿದೆ, ಪ್ರಾಣಿ ಡಿಕ್ಕಿ ಆದಾಗ ಅದರಿಂದ ಏನು ಸಿಗ್ತದೆ, ಏನು ಸಿಗೋದಿಲ್ಲ ಅಂತ ಈ ಲೇಖನದಲ್ಲಿ ಹೇಳ್ತೀನಿ.

ಕಾಡಿಲ್ಲದ ಊರಿಗೆ ಪ್ರಾಣಿ ಎಲ್ಲಿಂದ ಬಂತು?

ಕೃಷ್ಣಮೃಗಕ್ಕೆ ನಮ್ಮ ಕಡೆ ಚಿಗರಿ ಅಂತಾರೆ. ಅದು ದಟ್ಟ ಕಾಡಿನ ಪ್ರಾಣಿನೇ ಅಲ್ಲ. ಅದಕ್ಕೆ ಬೇಕಾದ್ದು ಬಯಲು, ಹುಲ್ಲು, ದೂರದ ತನಕ ಕಾಣುವ ಜಾಗ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆಗಿದ್ದು ಕೂಡ ಅಂಥ ಬಯಲು ಸೀಮೆಯಲ್ಲೇ. ಯಾದಗಿರಿ ಜಿಲ್ಲೆಯ ಎರೆ ಹೊಲಗಳಲ್ಲಿ ಇವು ಹಿಂಡು ಹಿಂಡಾಗಿ ಕಾಣ್ತವೆ. ಬಿತ್ತಿದ ಹೆಸರು, ಹತ್ತಿ ಚಿಗುರು ಮೇಯ್ತವೆ ಅಂತ ರೈತರು ಪ್ರತಿ ವರ್ಷ ಗೋಳಾಡ್ತಾರೆ.

ಕಾಡುಹಂದಿ ಕಥೆ ಬೇರೆ. ಅದಕ್ಕೆ ಹಗಲು ಮಲಗೋಕೆ ಮರೆ ಬೇಕು, ರಾತ್ರಿ ತಿನ್ನೋಕೆ ಬೆಳೆ ಬೇಕು, ಹೊರಳಾಡೋಕೆ ಕೆಸರು ಬೇಕು. ಹಳ್ಳದ ದಂಡೆಯ ಬಳ್ಳಾರಿ ಜಾಲಿ ಮೆಳೆ ಮರೆ ಕೊಡ್ತದೆ. ಕಾಲುವೆ ನೀರಿನ ಭತ್ತದ ಗದ್ದೆ ಉಳಿದ ಎರಡನ್ನೂ ಕೊಡ್ತದೆ. ಮೆಳೆ ಒಂದು ಕಡೆ, ಗದ್ದೆ ಇನ್ನೊಂದು ಕಡೆ, ನಡುವೆ ನಮ್ಮ ರೋಡು. ಅಂದ್ರೆ ಹಂದಿ ಸಂಜೆ ಒಮ್ಮೆ, ಬೆಳಗಿನ ಜಾವ ಒಮ್ಮೆ ಆ ರೋಡ್ ದಾಟಲೇಬೇಕು. ಹೊಲ ಕೊಯ್ಲಾದ ಮೇಲೆ ಮರೆ ಹೋಗಿ ಅವುಗಳ ಓಡಾಟ ಇನ್ನೂ ಹೆಚ್ಚಾಗ್ತದೆ. ಇಂಥ ಜಾಗದಲ್ಲಿ ಎಚ್ಚರಿಕೆ ಬೋರ್ಡ್ ಇರೋದಿಲ್ಲ, ಯಾಕಂದ್ರೆ ಇದು ಅರಣ್ಯ ಅಲ್ಲ.

60ರ ಸ್ಪೀಡಲ್ಲಿ 45 ಮೀಟರ್

ನಾವು ಇಂಜಿನಿಯರಿಂಗ್ ಓದೋರು, ಒಂದು ಸಣ್ಣ ಲೆಕ್ಕ ಮಾಡೋಣ. ಪ್ರಾಣಿ ಕಂಡ ಕ್ಷಣದಿಂದ ಬ್ರೇಕ್ ಹಿಡಿಯೋ ತನಕ ಒಂದೂವರೆ ಸೆಕೆಂಡ್ ಹೋಗ್ತದೆ ಅಂತ ಇಟ್ಕೊಳ್ಳಿ. ಒಣ ಡಾಂಬರ್ ಮೇಲೆ ಟೈರಿನ ಘರ್ಷಣೆ ಗುಣಾಂಕ 0.7. ಬ್ರೇಕ್ ಹಿಡಿದ ಮೇಲೆ ಹೋಗೋ ದೂರ ಅಂದ್ರೆ ವೇಗದ ವರ್ಗವನ್ನು 2 × ಮ್ಯೂ × ಜಿ ಯಿಂದ ಭಾಗಿಸಿದಷ್ಟು. ಫಸ್ಟ್ ಇಯರ್ ಫಿಸಿಕ್ಸ್ ಅಷ್ಟೇ.

40 ಕಿ.ಮೀ. ವೇಗದಲ್ಲಿ ಗಾಡಿ ನಿಲ್ಲೋಕೆ ಒಟ್ಟು 26 ಮೀಟರ್ ಬೇಕು. 60ರಲ್ಲಿ 45 ಮೀಟರ್. 80ರಲ್ಲಿ 69 ಮೀಟರ್. ಮಾಮೂಲಿ ಬೈಕಿನ ಲೋ ಬೀಮ್ ಬೆಳಕು 40 ಮೀಟರ್ ತೋರಿಸ್ತದೆ ಅಂತ ಹಿಡಿದ್ರೆ, 55ರ ಮೇಲೆ ಹೋಗೋ ಬೈಕ್ ತನ್ನ ಬೆಳಕಿನ ಒಳಗೆ ನಿಲ್ಲೋಕೆ ಸಾಧ್ಯನೇ ಇಲ್ಲ. ಭತ್ತದ ಸೀಸನ್‌ನಲ್ಲಿ ಟ್ರ್ಯಾಕ್ಟರ್ ಗಾಲಿಯಿಂದ ಎರೆ ಮಣ್ಣು ರೋಡಿಗೆ ಮೆತ್ತಿರ್ತದೆ. ಅದರ ಮೇಲೆ ಗುಣಾಂಕ 0.4 ಅಂತ ಹಾಕಿದ್ರೆ ಆ 55 ಅನ್ನೋದು 46ಕ್ಕೆ ಇಳೀತದೆ. ಪ್ರಾಣಿ ಎದುರಿಗೆ ನಿಂತಿರ್ತದೆ ಅಂತ ಮಾಡಿದ ಲೆಕ್ಕ ಇದು. ನಿಜವಾಗಿ ಅದು ಪಕ್ಕದಿಂದ ಓಡಿ ಬರ್ತದೆ, ಹಾಗಾಗಿ ನಮಗೆ ಸಿಗೋ ದೂರ ಇನ್ನೂ ಕಡಿಮೆ.

ಇದರಿಂದ ಎರಡು ಮಾತು ನೆನಪಿಡಿ. ಒಂದು, ಎದುರು ಗಾಡಿ ಇಲ್ಲದಾಗ ಹೈ ಬೀಮ್ ಹಾಕಿ, ಸ್ಪೀಡ್ 45-50ರ ಒಳಗೆ ಇಡಿ. ಎರಡು, ಪ್ರಾಣಿ ಕಂಡ್ರೆ ಹ್ಯಾಂಡಲ್ ತಿರುಗಿಸಬೇಡಿ, ನೇರಕ್ಕೆ ಬ್ರೇಕ್ ಹಿಡೀರಿ. ತಿರುಗಿಸಿದ್ರೆ ಗಾಡಿ ಮಲಗ್ತದೆ, ಅಥವಾ ಎದುರಿನ ಲಾರಿಗೆ ಹೋಗಿ ಬೀಳ್ತೀರಿ. 125 ಸಿಸಿ ಮೇಲಿನ ಬೈಕುಗಳಿಗೆ 2019ರಿಂದ ಎಬಿಎಸ್ ಕಡ್ಡಾಯ ಇದೆ, ಅದರ ಕೆಳಗಿನವಕ್ಕೆ ಬರೀ ಸಿಬಿಎಸ್ ಇದ್ರೂ ಸಾಕು ಅಂತ ರೂಲ್. ಅಂದ್ರೆ ಹಳ್ಳಿ ರೋಡಲ್ಲಿ ಹೆಚ್ಚು ಓಡಾಡೋ 100 ಸಿಸಿ ಗಾಡಿಗಳಲ್ಲಿ ಗಟ್ಟಿ ಬ್ರೇಕ್ ಹಾಕಿದ್ರೆ ಗಾಲಿ ಲಾಕ್ ಆಗ್ತದೆ. ಒಂದು ಹಂದಿ ಅಥವಾ ಚಿಗರಿ ದಾಟಿದ್ರೆ ಹಿಂದೆ ಇನ್ನೊಂದು ಇದೆ ಅಂತಲೇ ತಿಳ್ಕೊಳ್ಳಿ. ಅವು ಒಂಟಿಯಾಗಿ ಬರೋದು ಕಡಿಮೆ.

ಪಾಲಿಸಿ ಒಳಗೆ ಮೂರು ಬೇರೆ ಬೇರೆ ಡಬ್ಬಿ

ನಾವು ಇನ್ಶೂರೆನ್ಸ್ ಅಂತ ಒಂದೇ ಮಾತಲ್ಲಿ ಹೇಳೋದು ನಿಜಕ್ಕೂ ಮೂರು ಬೇರೆ ಬೇರೆ ಕವರ್.

ಮೊದಲನೇದು ಥರ್ಡ್ ಪಾರ್ಟಿ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಇದು ಕಡ್ಡಾಯ. ನೀವು ಒಬ್ಬ ಪಾರ್ಟಿ, ಇನ್ಶೂರೆನ್ಸ್ ಕಂಪನಿ ಇನ್ನೊಂದು ಪಾರ್ಟಿ, ನಿಮ್ಮ ಗಾಡಿಯಿಂದ ಪೆಟ್ಟು ತಿಂದವರು ಮೂರನೇ ಪಾರ್ಟಿ. ದುಡ್ಡು ಹೋಗೋದು ಆ ಮೂರನೆಯವರಿಗೆ. ನೀವು ಯಾರದೋ ಎಮ್ಮೆಗೆ ಗುದ್ದಿ ಅದು ಸತ್ತು, ಊರಲ್ಲಿ ಪಂಚಾಯ್ತಿ ಕೂತು, ಎಮ್ಮೆ ಮಾಲೀಕ ಪರಿಹಾರ ಕೇಳಿದ್ರೆ ಅದು ಥರ್ಡ್ ಪಾರ್ಟಿ ವಿಷಯ, ಯಾಕಂದ್ರೆ ಎಮ್ಮೆ ಒಬ್ಬರ ಆಸ್ತಿ. ಹಂದಿಗೆ ಗುದ್ದಿ ನಿಮ್ಮ ಬೈಕಿನ ಫೋರ್ಕ್ ಬೆಂಡ್ ಆದ್ರೆ ಥರ್ಡ್ ಪಾರ್ಟಿಯಿಂದ ಒಂದು ರೂಪಾಯಿನೂ ಬರೋದಿಲ್ಲ.

ಎರಡನೇದು ಓನ್ ಡ್ಯಾಮೇಜ್, ಅಂದ್ರೆ ನಿಮ್ಮ ಗಾಡಿಗೆ ಆದ ಹಾನಿ. ಇದು ಕಡ್ಡಾಯ ಅಲ್ಲ. ಪಾಲಿಸಿಯಲ್ಲಿ ಬೆಂಕಿ, ಕಳವು, ಪ್ರವಾಹ, ಗಲಭೆ ಅಂತ ಒಂದು ಪಟ್ಟಿ ಇರ್ತದೆ. ಅದರಲ್ಲಿ ಪ್ರಾಣಿ ಅನ್ನೋ ಪದ ಹುಡುಕಿದ್ರೆ ಸಿಗೋದಿಲ್ಲ, ಅದಕ್ಕೇ ಎಷ್ಟೋ ಜನ ಕ್ಲೇಮ್ ಮಾಡೋದನ್ನೇ ಬಿಡ್ತಾರೆ. ಆದ್ರೆ ಆ ಪಟ್ಟಿಯಲ್ಲಿ ಹೊರಗಿನ ಕಾರಣದಿಂದ ಆಕಸ್ಮಿಕವಾಗಿ ಆದ ಹಾನಿ ಅನ್ನೋ ಅರ್ಥದ ಒಂದು ಸಾಲು ಇರ್ತದೆ. ಹಂದಿ, ಚಿಗರಿ, ನಾಯಿ, ಆನೆ, ಯಾವುದೇ ಗುದ್ದಿದ್ರೂ ಬರೋದು ಆ ಸಾಲಿನ ಕೆಳಗೆ.

ಮೂರನೇದು ಓನರ್-ಡ್ರೈವರ್ ಪರ್ಸನಲ್ ಆಕ್ಸಿಡೆಂಟ್ ಕವರ್. ಇದು ಗಾಡಿಗಲ್ಲ, ಮನುಷ್ಯನಿಗೆ. ಇದರ ಬಗ್ಗೆ ಮುಂದೆ ಬೇರೆನೇ ಹೇಳ್ತೀನಿ, ಯಾಕಂದ್ರೆ ನಮ್ಮಂಥ ಹುಡುಗ ಹುಡುಗಿಯರು ಸಿಕ್ಕಿಬೀಳೋದು ಅಲ್ಲೇ.

ಐದು ವರ್ಷದ ಇನ್ಶೂರೆನ್ಸ್ ಅನ್ನೋ ನಂಬಿಕೆ

ನಮ್ಮ ಕಾಕಾನ ಮಗನ ಕೇಸ್ ನೋಡಿ. ಹೋದ ವರ್ಷ ಸುಗ್ಗಿ ಮುಗಿದ ಟೈಮಲ್ಲಿ ಯಾದಗಿರಿಯಿಂದ ರಾತ್ರಿ ಊರಿಗೆ ಬರುವಾಗ ಜಾಲಿ ಮೆಳೆಯಿಂದ ಎದ್ದ ಹಂದಿ ನೇರ ಬಂದು ಮುಂದಿನ ಗಾಲಿಗೆ ಹೊಡೀತು. ಅವನ ಕಾಲರ್ ಬೋನ್ ಮುರೀತು. ಹಂದಿ ಎದ್ದು ಓಡಿ ಹೋಯ್ತು. ಬೈಕ್ ತಗೊಂಡು ಮೂರು ವರ್ಷ ಎರಡು ತಿಂಗಳಾಗಿತ್ತು. ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಐದ್ ವರ್ಷದ್ ಇನ್ಶೂರೆನ್ಸ್ ಅದ ಬಿಡಪಾ, ಯಾಕ್ ಚಿಂತಿ ಮಾಡ್ತಿ."

ಐದು ವರ್ಷದ್ದು ಇದ್ದಿದ್ದು ನಿಜ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ 5 ವರ್ಷದ, ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಟ್ಟಬೇಕು. ಆದ್ರೆ ಅದರ ಜೊತೆ ಕೊಟ್ಟ ಓನ್ ಡ್ಯಾಮೇಜ್ ಸಾಮಾನ್ಯವಾಗಿ ಒಂದೇ ವರ್ಷದ್ದು. ಮೊದಲ ವರ್ಷ ಮುಗಿದ ದಿನ ಅದು ಸದ್ದಿಲ್ಲದೆ ಮುಗಿದುಹೋಗ್ತದೆ. ಪೊಲೀಸರಿಗೆ ತೋರಿಸೋಕೆ ಪೇಪರ್ ಇನ್ನೂ ಚಾಲ್ತಿಯಲ್ಲೇ ಇರೋದ್ರಿಂದ ಯಾರಿಗೂ ಗೊತ್ತೇ ಆಗೋದಿಲ್ಲ. ನಮ್ಮ ಮನೆಯವರಿಗೂ ಗೊತ್ತಾಗಿದ್ದು ಕ್ಲೇಮ್‌ಗೆ ಫೋನ್ ಮಾಡಿದ ಮೇಲೆ. ಓನ್ ಡ್ಯಾಮೇಜ್ ಮುಗಿದು ಎರಡು ವರ್ಷ ಆಗಿತ್ತು. ಅದನ್ನು ಒಂದನ್ನೇ ಬೇರೆಯಾಗಿ ಪ್ರತಿ ವರ್ಷ ಕೊಳ್ಳೋ ಅವಕಾಶ 2019ರ ಸೆಪ್ಟೆಂಬರ್‌ನಿಂದ ಇದೆ. ಥರ್ಡ್ ಪಾರ್ಟಿ ಇರೋ ಕಂಪನಿಯಲ್ಲೇ ಕೊಳ್ಳಬೇಕು ಅಂತೇನೂ ಇಲ್ಲ.

ಇದ್ದಿದ್ರೆ ಎಷ್ಟು ಬರ್ತಿತ್ತು?

ಅವನ ಗ್ಯಾರೇಜ್ ಬಿಲ್ಲನ್ನೇ ಹಿಡಿದು ಲೆಕ್ಕ ಹಾಕೋಣ. ಫೋರ್ಕ್, ರಿಮ್, ಹ್ಯಾಂಡಲ್ ಸೇರಿ ಲೋಹದ ಪಾರ್ಟ್ಸ್ 6,000 ರೂ. ವೈಸರ್, ಮಡ್‌ಗಾರ್ಡ್, ಹೆಡ್‌ಲೈಟ್ ಸೇರಿ ಪ್ಲಾಸ್ಟಿಕ್ 4,000 ರೂ. ಕೂಲಿ 1,500 ರೂ. ಒಟ್ಟು 11,500.

ಕಂಪನಿ ಪೂರ್ತಿ ಕೊಡೋದಿಲ್ಲ. ಹಳೇ ಪಾರ್ಟ್ ತೆಗೆದು ಹೊಸಾದು ಹಾಕ್ತಿದ್ದಾರೆ ಅಂತ ಸವಕಳಿ ಕಳೀತದೆ. ಪ್ಲಾಸ್ಟಿಕ್, ರಬ್ಬರ್, ಟೈರ್, ಟ್ಯೂಬ್, ಬ್ಯಾಟರಿಗೆ ಗಾಡಿ ಎಷ್ಟೇ ಹೊಸದಿದ್ರೂ 50%. ಫೈಬರ್ ಗ್ಲಾಸ್‌ಗೆ 30%. ಗಾಜಿಗೆ ಏನೂ ಕಳೆಯೋದಿಲ್ಲ. ಲೋಹ ಮತ್ತು ಉಳಿದ ಪಾರ್ಟ್ಸ್‌ಗೆ ಗಾಡಿಯ ವಯಸ್ಸು ನೋಡ್ತಾರೆ: 6 ತಿಂಗಳ ತನಕ ಇಲ್ಲ, ಒಂದು ವರ್ಷದ ತನಕ 5%, ಎರಡರ ತನಕ 10%, ಮೂರರ ತನಕ 15%, ನಾಲ್ಕರ ತನಕ 25%, ಐದರ ತನಕ 35%, ಹತ್ತರ ತನಕ 40%, ಅದರ ಮೇಲೆ 50%.

ಹಾಗಾಗಿ 6,000ಕ್ಕೆ 25% ಕಳೆದು 4,500. ಪ್ಲಾಸ್ಟಿಕ್ 4,000ಕ್ಕೆ ಅರ್ಧ, 2,000. ಕೂಲಿ 1,500 ಪೂರ್ತಿ. ಒಟ್ಟು 8,000. ಇದರಲ್ಲಿ ಎಲ್ಲರೂ ಕೈಯಿಂದ ಕೊಡಲೇಬೇಕಾದ ಕಡ್ಡಾಯ ಮೊತ್ತ ಬೈಕಿಗೆ 100 ರೂ. (1500 ಸಿಸಿ ತನಕದ ಕಾರಿಗೆ 1,000, ಮೇಲಿನದಕ್ಕೆ 2,000). ಕೊನೆಗೆ 7,900 ರೂ. ಬರ್ತಿತ್ತು. ಬೈಕನ್ನು ಗ್ಯಾರೇಜಿಗೆ ಸಾಗಿಸಿದ ಖರ್ಚಿಗೂ 300 ರೂ. ತನಕ ಕೊಡ್ತಾರೆ. ಝೀರೋ ಡೆಪ್ ಅನ್ನೋ ಆ್ಯಡ್-ಆನ್ ತಗೊಂಡಿದ್ರೆ ಸವಕಳಿ ಕಳೆಯೋದಿಲ್ಲ.

ಆದ್ರೆ ಎಲ್ಲ ಗೀರಿಗೂ ಕ್ಲೇಮ್ ಮಾಡೋದು ಜಾಣತನ ಅಲ್ಲ. ಕ್ಲೇಮ್ ಮಾಡದೇ ಇದ್ದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 20, 25, 35, 45, 50 ಪರ್ಸೆಂಟ್ ಅಂತ ಮೆಟ್ಟಿಲು ಮೆಟ್ಟಿಲಾಗಿ ರಿಯಾಯಿತಿ ಏರ್ತದೆ. ಇದಕ್ಕೆ ನೋ ಕ್ಲೇಮ್ ಬೋನಸ್ ಅಂತಾರೆ. ಒಂದು ಕ್ಲೇಮ್ ಮಾಡಿದ್ರೆ ಮತ್ತೆ ಸೊನ್ನೆಯಿಂದ ಶುರು. ಬರೀ ಮಿರರ್ ಒಡೆದಿದ್ರೆ ಕೈಯಿಂದ ಹಾಕಿಸಿಕೊಳ್ಳಿ. ಫೋರ್ಕ್ ಹೋಗಿದ್ರೆ ಕ್ಲೇಮ್ ಮಾಡಿ. ಪಾಲಿಸಿ ಮುಗಿದು 90 ದಿನದೊಳಗೆ ರಿನ್ಯೂ ಮಾಡದಿದ್ರೂ ಈ ಬೋನಸ್ ಹೋಗ್ತದೆ. ರಿಪೇರಿ ಖರ್ಚು ಪಾಲಿಸಿಯಲ್ಲಿ ಬರೆದ ಗಾಡಿ ಬೆಲೆಯ 75% ದಾಟಿದ್ರೆ ರಿಪೇರಿ ಬಿಟ್ಟು ಗಾಡಿ ಪೂರ್ತಿ ಹೋಯ್ತು ಅಂತ ಲೆಕ್ಕ ಮಾಡ್ತಾರೆ.

ಅಪ್ಪನ ಹೆಸರಿನ ಬೈಕ್

ಈಗ ನಿಜವಾದ ವಿಷಯಕ್ಕೆ ಬರೋಣ. ಫೋರ್ಕ್ ಹೋದ್ರೆ ಆರು ಸಾವಿರ. ಓಡಿಸೋನೇ ಹೋದ್ರೆ?

ಓನರ್-ಡ್ರೈವರ್ ಪರ್ಸನಲ್ ಆಕ್ಸಿಡೆಂಟ್ ಕವರ್ 15 ಲಕ್ಷ ರೂಪಾಯಿಯದ್ದು. ಸಾವಿಗೆ, ಅಥವಾ ಎರಡು ಕೈಕಾಲು, ಎರಡು ಕಣ್ಣು ಹೋದ್ರೆ ಪೂರ್ತಿ ಮೊತ್ತ. ಒಂದು ಕೈ ಅಥವಾ ಕಾಲು ಹೋದ್ರೆ ಅರ್ಧ. ಎದುರು ಬಂದಿದ್ದು ಲಾರಿಯೋ ಹಂದಿಯೋ ಅನ್ನೋದು ಇಲ್ಲಿ ಮುಖ್ಯ ಅಲ್ಲ. ಆದ್ರೆ ಹೆಸರಲ್ಲೇ ಇದೆ ನೋಡಿ, ಓನರ್-ಡ್ರೈವರ್. ಗಾಡಿ ಯಾರ ಹೆಸರಲ್ಲಿ ಇದೆಯೋ ಅವರೇ ಓಡಿಸ್ತಿರಬೇಕು, ಅವರಿಗೆ ಲೈಸೆನ್ಸ್ ಇರಬೇಕು. ಬೈಕ್ ಅಪ್ಪನ ಹೆಸರಲ್ಲಿದ್ದು ಮಗ ಓಡಿಸುವಾಗ ಏನಾದ್ರೂ ಆದ್ರೆ ಈ ಕವರ್ ಮಗನಿಗೆ ಬರೋದಿಲ್ಲ. ಇದರಲ್ಲಿ ಆಸ್ಪತ್ರೆ ಬಿಲ್ ಕೂಡ ಬರೋದಿಲ್ಲ, ಅದಕ್ಕೇ ಕಾಲರ್ ಬೋನ್ ಆಪರೇಷನ್ನಿಗೆ ಕಾಕಾ ಕೈಯಿಂದಲೇ ಕೊಟ್ರು.

ಸರಿ, ಥರ್ಡ್ ಪಾರ್ಟಿ ಲೆಕ್ಕದಲ್ಲಿ ಕೇಳಬಹುದಲ್ಲ, ಮಗ ಓನರ್ ಅಲ್ಲವಲ್ಲ ಅಂತ ನಿಮಗೆ ಅನಿಸಬಹುದು. ಇದಕ್ಕೆ ಉತ್ತರ ಬಂದಿದ್ದು ನಮ್ಮ ಉತ್ತರ ಕರ್ನಾಟಕದ ಒಂದು ಕೇಸಿನಿಂದಲೇ. ಒಬ್ಬರು ಬೇರೆಯವರ ಬೈಕ್ ಇಸ್ಕೊಂಡು ಇಳಕಲ್‌ನಿಂದ ತಮ್ಮೂರು ಗುಡೂರಿಗೆ ಹೊರಟಿದ್ರು. ಮುಂದೆ ಕಬ್ಬಿಣದ ಶೀಟ್ ಹೇರಿಕೊಂಡು ಹೋಗ್ತಿದ್ದ ಎತ್ತಿನ ಬಂಡಿ ಗಕ್ಕನೆ ನಿಂತಿತು. ಅದಕ್ಕೆ ಗುದ್ದಿ ಅವರು ತೀರಿಕೊಂಡ್ರು. ಮನೆಯವರು ಯಾರ ತಪ್ಪು ಅಂತ ಸಾಬೀತು ಮಾಡಬೇಕಿಲ್ಲದ 163-ಎ ಸೆಕ್ಷನ್ ಕೆಳಗೆ ಪರಿಹಾರ ಕೇಳಿದ್ರು. ಕೇಸ್ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಯ್ತು. 2009ರಲ್ಲಿ ಕೋರ್ಟ್ ಹೇಳಿದ್ದು ಇಷ್ಟು: ಮಾಲೀಕನಿಂದ ಬೈಕ್ ಇಸ್ಕೊಂಡು ಓಡಿಸೋನು ಆ ಹೊತ್ತಿಗೆ ಮಾಲೀಕನ ಜಾಗದಲ್ಲೇ ನಿಂತಿರ್ತಾನೆ. ಪರಿಹಾರ ಕೊಡಬೇಕಾದವನೂ ಅವನೇ, ತಗೋಬೇಕಾದವನೂ ಅವನೇ ಆಗೋಕಾಗಲ್ಲ. ಬೇರೆ ದಾರಿಯಲ್ಲಿ ಏನಾದ್ರೂ ಸಿಗ್ತದಾ ನೋಡಿ ಅಂತ ಕೇಸನ್ನು ಮತ್ತೆ ಹೈಕೋರ್ಟಿಗೆ ಕಳಿಸಿತು, ಆದ್ರೆ ಆ ಸೆಕ್ಷನ್ ಬಾಗಿಲು ಮುಚ್ಚಿತು.

ಅಂದ್ರೆ ಅಪ್ಪನ ಬೈಕ್ ಓಡಿಸೋ ನಾವು ಓನರ್ ಕವರ್‌ಗೂ ಸಲ್ಲೋದಿಲ್ಲ, ಥರ್ಡ್ ಪಾರ್ಟಿಗೂ ಸಲ್ಲೋದಿಲ್ಲ. ಡಿಕ್ಕಿ ಹೊಡೆದದ್ದು ಇನ್ನೊಂದು ಗಾಡಿ ಆಗಿದ್ರೆ ಆ ಗಾಡಿಯ ಥರ್ಡ್ ಪಾರ್ಟಿ ಇರ್ತಿತ್ತು. ಹಂದಿಗೆ ಇನ್ಶೂರೆನ್ಸ್ ಇರೋದಿಲ್ಲ.

ಹಿಂದೆ ಕೂತ ಗೆಳೆಯನ ವಿಷಯವೂ ಗೊತ್ತಿರಲಿ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಹಿಂದೆ ಕೂತವರು ತಾನಾಗಿ ಸೇರೋದಿಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಸೇರ್ತಾರೆ ಅಂತ ವಿಮಾ ಪ್ರಾಧಿಕಾರ 2009ರ ಸುತ್ತೋಲೆಯಲ್ಲಿ ಸ್ಪಷ್ಟ ಮಾಡಿದೆ.

ಇದಕ್ಕೆ ಪರಿಹಾರ ದುಬಾರಿ ಏನಲ್ಲ. ಬೈಕ್ ಪೂರ್ತಿ ನೀವೇ ಓಡಿಸೋದಾದ್ರೆ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ. ಇಲ್ಲಾಂದ್ರೆ ಮನೆಯವರಿಗೆ ಹೇಳಿ ನಿಮ್ಮ ಹೆಸರಲ್ಲಿ ಒಂದು ಬೇರೆ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ಮಾಡಿಸಿ. ಅದೂ ಆಗದಿದ್ರೆ, ಇವತ್ತೇ ಮಾಡಬಹುದಾದ್ದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. 18 ವರ್ಷ ತುಂಬಿ ಬ್ಯಾಂಕ್ ಖಾತೆ ಇದ್ರೆ ಸಾಕು. ವರ್ಷಕ್ಕೆ 20 ರೂಪಾಯಿ ಖಾತೆಯಿಂದ ಕಟ್ ಆಗ್ತದೆ. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯ ಆದ್ರೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ. ಬೈಕ್ ಯಾರ ಹೆಸರಲ್ಲಿದೆ ಅಂತ ಅದು ಕೇಳೋದಿಲ್ಲ. ಕ್ಯಾಂಟೀನ್‌ನಲ್ಲಿ ಎರಡು ಚಹಾದ ರೇಟು ಅದು.

ಬಿದ್ದ ಜಾಗದಲ್ಲಿ ಏನು ಮಾಡಬೇಕು

ಮೊದಲು ಮನುಷ್ಯ. 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ರೋಡಿನ ನಡುವೆ ಬಿದ್ದಿದ್ರೆ ಪಕ್ಕಕ್ಕೆ ಸರೀರಿ, ಇಂಡಿಕೇಟರ್ ಅಥವಾ ಮೊಬೈಲ್ ಲೈಟ್ ಹಾಕಿ ಹಿಂದೆ ಬರೋರಿಗೆ ಕಾಣೋ ಹಾಗೆ ಮಾಡಿ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆ ಇದೆ. ನಿಗದಿತ ಆಸ್ಪತ್ರೆಗಳಲ್ಲಿ 7 ದಿನದ ತನಕ, 1.5 ಲಕ್ಷ ರೂ. ತನಕ. ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಕೇಳಿ, ಪೊಲೀಸರಿಗೂ ತಿಳಿಸಿ.

ಬಿದ್ದ ಪ್ರಾಣಿ ಹತ್ತಿರ ಹೋಗಬೇಡಿ. ಗಾಯ ಆದ ಹಂದಿ ತಿರುಗಿ ಬಿದ್ರೆ ಕೋರೆಯಿಂದ ತೊಡೆ ಸೀಳ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.

ಆಮೇಲೆ ಸಾಕ್ಷಿ. ಗಾಡಿ ಎತ್ತೋ ಮುಂಚೆ ಫೋಟೊ ತೆಗೀರಿ: ಗಾಡಿ, ರೋಡು, ಬ್ರೇಕ್ ಗೆರೆ, ಪಕ್ಕದ ಮೈಲಿಗಲ್ಲು. ಪ್ರಾಣಿ ಓಡಿ ಹೋಗಿದ್ರೂ ಫೋರ್ಕ್, ಮಡ್‌ಗಾರ್ಡ್ ಸಂದಿಯಲ್ಲಿ ಕೂದಲು, ರಕ್ತ ಇರ್ತದೆ, ಮಣ್ಣಲ್ಲಿ ಗೊರಸಿನ ಗುರುತು ಇರ್ತದೆ. ಸರ್ವೇಯರ್ ನೋಡೋ ತನಕ ಬೈಕ್ ತೊಳೀಬೇಡಿ. ಮನೆಯಲ್ಲಿ ಅಮ್ಮಂದಿರು ರಕ್ತ ಕಂಡ ಕೂಡಲೇ ನೀರು ಹಾಕಿಬಿಡ್ತಾರೆ, ಮೊದಲೇ ಹೇಳಿಡಿ. ಮುರಿದ ಬೈಕನ್ನು ಹಾಗೇ ಓಡಿಸಿಕೊಂಡು ಊರು ಸೇರಬೇಡಿ. ರಿಪೇರಿ ಮುಂಚೆ ಓಡಿಸಿ ಹೆಚ್ಚಾದ ಹಾನಿಗೆ ಕಂಪನಿ ಜವಾಬ್ದಾರಿ ಅಲ್ಲ ಅಂತ ಪಾಲಿಸಿ ಷರತ್ತಿನಲ್ಲೇ ಇದೆ.

ಕಂಪನಿಗೆ ಅವತ್ತೇ ತಿಳಿಸಿ. ಫೋನ್ ಮಾಡಿದ ಮೇಲೆ ಇಮೇಲ್ ಕೂಡ ಹಾಕಿ, ಬರವಣಿಗೆಯಲ್ಲಿ ಇರಲಿ. ಬರೀ ಗಾಡಿಗೆ ಏಟಾಗಿದ್ರೆ ಎಫ್ಐಆರ್ ಇಲ್ಲದೆಯೂ ಸಾಮಾನ್ಯವಾಗಿ ಕ್ಲೇಮ್ ನಡೀತದೆ. ಆದ್ರೂ ಠಾಣೆಯಲ್ಲಿ ಬರೆಸಿ ಒಂದು ಸ್ವೀಕೃತಿ ತಗೊಂಡ್ರೆ ಗಟ್ಟಿ. ಯಾರಿಗಾದ್ರೂ ಪೆಟ್ಟಾಗಿದ್ರೆ ಪೊಲೀಸರಿಗೆ ತಿಳಿಸಲೇಬೇಕು, ಅದಕ್ಕೆ ಕಾಯ್ದೆ ಕೊಡೋ ಗಡುವು 24 ಗಂಟೆ. ಸಾವಾದ್ರೆ ಎಫ್ಐಆರ್ ಮತ್ತು ಮರಣೋತ್ತರ ಪರೀಕ್ಷೆ ಇಲ್ಲದೆ ಯಾವ ಪರ್ಸನಲ್ ಆಕ್ಸಿಡೆಂಟ್ ಕ್ಲೇಮೂ ಮುಂದೆ ಹೋಗೋದು ಕಷ್ಟ. ದುಃಖದಲ್ಲಿ ಮನೆಯವರು "ಯಾಕ್ ಬೇಕು ಕೊಯ್ಯೋದು" ಅಂತ ನೇರ ಮಣ್ಣು ಮಾಡಿಬಿಡ್ತಾರೆ. ಆ ಹೊತ್ತಲ್ಲಿ ಪಕ್ಕದಲ್ಲಿ ನಿಂತು ಈ ಮಾತು ಮೆಲ್ಲಗೆ ಹೇಳೋಕೆ ಯಾರಾದ್ರೂ ಒಬ್ಬರು ಬೇಕು. ಬಹುಶಃ ಓದಿದ ಹುಡುಗರು ಅಂತ ಆ ಕೆಲಸ ನಮ್ಮ ಪಾಲಿಗೇ ಬರ್ತದೆ.

"ಹಂದಿ ಅಂತ ಬರೀಬ್ಯಾಡ"

ಊರಲ್ಲಿ ಒಬ್ಬರು ನಮ್ಮ ಅಣ್ಣನಿಗೆ ಕೊಟ್ಟ ಸಲಹೆ ಇದು: "ತಮ್ಮಾ, ಹಂದಿ-ಗಿಂದಿ ಅಂತ ಬರೀಬ್ಯಾಡ, ಫಾರೆಸ್ಟ್‌ನವ್ರು ಬರ್ತಾರ. ಸ್ಲಿಪ್ಪಾಗಿ ಬಿದ್ದೆ ಅಂತ ಬರಿ. ಅಪ್ಪನೇ ಹೊಡೀತಿದ್ದ ಅಂದ್ರ ಇನ್ನೂ ಛಲೋ." ಪಾಲಿಸಿಯೇ ಮುಗಿದಿತ್ತಲ್ಲ, ಆ ಪ್ರಶ್ನೆ ಬರಲಿಲ್ಲ. ಆದ್ರೆ ಈ ಸಲಹೆ ಎಲ್ಲ ಕಡೆ ಸಿಗ್ತದೆ, ಹಾಗಾಗಿ ಯಾಕೆ ಕೇಳಬಾರದು ಅಂತ ಹೇಳ್ತೀನಿ.

ಹಂದಿ ಗುದ್ದಿದ್ರೆ ಓನ್ ಡ್ಯಾಮೇಜ್ ಬರ್ತದೆ, ಸುಳ್ಳಿನ ಅವಶ್ಯಕತೆನೇ ಇಲ್ಲ. ಆಸ್ಪತ್ರೆ ಚೀಟಿಯಲ್ಲಿ ಹಂದಿ, ಕ್ಲೇಮ್ ಫಾರ್ಮ್‌ನಲ್ಲಿ ಸ್ಲಿಪ್ ಅಂತ ಇದ್ರೆ ಸರ್ವೇಯರ್ ಹಿಡೀತಾನೆ. ಬರಬೇಕಾದ ದುಡ್ಡೂ ಆಗ ಬರೋದಿಲ್ಲ. ಕಂಪನಿ ನಿಜವಾಗಿ ನೋಡೋದು ಮೂರು: ಓಡಿಸ್ತಿದ್ದವರಿಗೆ ಚಾಲ್ತಿ ಲೈಸೆನ್ಸ್ ಇತ್ತಾ, ಕುಡಿದಿದ್ರಾ, ಪಾಲಿಸಿ ಜೀವಂತ ಇತ್ತಾ. ಗಾಡಿ ರಿಪೇರಿಯ ಕ್ಲೇಮ್‌ಗೆ ಮಗ ಓಡಿಸಿದ್ರೂ ಅಡ್ಡಿ ಇಲ್ಲ, ಲೈಸೆನ್ಸ್ ಇದ್ರೆ ಸಾಕು. ಲೈಸೆನ್ಸ್ ಇಲ್ಲದ ಮಗನ ಬದಲು ಅಪ್ಪನ ಹೆಸರು ಬರೆದ್ರೆ ಅದು ವಂಚನೆ, ಸಿಕ್ಕಿಬೀಳೋದು ಅಪ್ಪ.

ಪ್ರಾಣಿ ಸತ್ತಿದ್ರೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಸತ್ತು ಸಿಕ್ಕ ಅಥವಾ ತಪ್ಪಿ ಕೊಂದ ಕಾಡುಪ್ರಾಣಿ ಸರ್ಕಾರದ ಆಸ್ತಿ. ಅದು ನಿಮ್ಮ ಕೈಗೆ ಬಂದ್ರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕಾರಿಗೆ ತಿಳಿಸಿ ಒಪ್ಪಿಸಬೇಕು. ತಪ್ಪಿ ಕೊಂದ ಅನ್ನೋ ಮಾತು ಕಾಯ್ದೆಯಲ್ಲೇ ಇದೆ ಅಂದ್ರೆ ಆಕಸ್ಮಿಕ ಆಗ್ತದೆ ಅಂತ ಕಾಯ್ದೆಗೂ ಗೊತ್ತು. ತಿಳಿಸಿದವನು ಆಕಸ್ಮಿಕ ಮಾಡಿದವನು. ಚೀಲದಲ್ಲಿ ತುಂಬಿಕೊಂಡು ಹೋದವನು ಬೇಟೆಗಾರ ಅಂತ ಲೆಕ್ಕ ಆಗಬಹುದು. ಚಿಗರಿ ಮೊದಲನೇ ಶೆಡ್ಯೂಲ್‌ನ ಪ್ರಾಣಿ, ಅದರ ಬೇಟೆಗೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂ. ದಂಡ. ಕಾಡುಹಂದಿ ಈಗ ಎರಡನೇ ಶೆಡ್ಯೂಲ್‌ನಲ್ಲಿದೆ. "ಹೆಂಗೂ ಸತ್ತದ, ಬಾಡೂಟ ಮಾಡೋಣ" ಅನ್ನೋ ಗೆಳೆಯನ ಮಾತಿಗೆ ಇದೇ ಉತ್ತರ. ಬೈಕ್ ಕೂಡ ಜಪ್ತಿ ಆಗ್ತದೆ.

ಅರಣ್ಯ ಸಿಬ್ಬಂದಿ ಬಂದು ಮಹಜರು ಮಾಡಿದ್ರೆ ಅದು ನಿಮ್ಮ ಕ್ಲೇಮ್‌ಗೂ ಒಳ್ಳೆಯದೇ. ಜರ್ಮನಿಯಲ್ಲಿ ಇದಕ್ಕೆ ಅಂತಲೇ ಪೊಲೀಸರು ಅಥವಾ ಆ ಪ್ರದೇಶದ ಅರಣ್ಯ, ಬೇಟೆ ಉಸ್ತುವಾರಿಯವರು ಒಂದು ಪ್ರಮಾಣಪತ್ರ ಕೊಡ್ತಾರೆ, ಇನ್ಶೂರೆನ್ಸ್ ಕಂಪನಿ ಅದನ್ನೇ ಕೇಳ್ತದೆ. ನಮ್ಮಲ್ಲಿ ಅಂಥ ಫಾರ್ಮ್ ಇಲ್ಲ, ಮಹಜರಿನ ಪ್ರತಿ ಆ ಕೆಲಸ ಮಾಡ್ತದೆ. ಕಾಡುಪ್ರಾಣಿಯಿಂದ ಬೆಳೆ, ಜೀವ ಹಾನಿ ಆದವರಿಗೆ ಇಲಾಖೆ ದಯಾತ್ಮಕ ಧನ ಕೊಡ್ತದೆ. ಜೀವಕ್ಕೆ ಅಥವಾ ಮೈಗೆ ಹಾನಿ ಆಗಿದ್ರೆ ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಟ್ಟು ಕೇಳಿ. ಬೈಕ್ ರಿಪೇರಿಗೆ ಮಾತ್ರ ನೆಚ್ಚಿಕೊಳ್ಳಬೇಕಾದ್ದು ನಿಮ್ಮ ಪಾಲಿಸಿಯನ್ನೇ.

ಕಂಪನಿ ಇಲ್ಲ ಅಂದ್ರೆ

ಬಾಯಿಮಾತಿಗೆ ಒಪ್ಪಬೇಡಿ, ಕಾರಣ ಬರೆದು ಕೊಡಿ ಅನ್ನಿ. ತಡವಾಗಿ ತಿಳಿಸಿದ್ರು ಅನ್ನೋ ಒಂದೇ ಕಾರಣಕ್ಕೆ ನಿಜವಾದ ಕ್ಲೇಮ್ ತಳ್ಳಿಹಾಕಬೇಡಿ ಅಂತ ವಿಮಾ ಪ್ರಾಧಿಕಾರ 2011ರಲ್ಲೇ ಸುತ್ತೋಲೆ ಹೊರಡಿಸಿದೆ. ಕಾಗದ ಇಲ್ಲ ಅನ್ನೋ ಕಾರಣಕ್ಕೆ ತಿರಸ್ಕರಿಸಬಾರದು ಅಂತ 2024ರ ಸುತ್ತೋಲೆ ಹೇಳ್ತದೆ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೀರಿ. ಅಲ್ಲಿ ಆಗದಿದ್ರೆ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್, ಅಥವಾ 155255. ಒಂದು ತಿಂಗಳಲ್ಲಿ ಉತ್ತರ ಬರದಿದ್ರೆ, ಅಥವಾ ಬಂದ ಉತ್ತರ ಸರಿ ಅನಿಸದಿದ್ರೆ, ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಫೀಸ್ ಇಲ್ಲ, ವಕೀಲರು ಬೇಡ. ಇನ್ನೊಂದು ದಾರಿ ಜಿಲ್ಲಾ ಗ್ರಾಹಕ ಆಯೋಗ.

ಕೊನೆಗೆ, ಹಂದಿ ಕಡೆಯಿಂದ

2018ರ ಅಕ್ಟೋಬರ್‌ನಲ್ಲಿ ಹುಣಸೂರು-ಗೋಣಿಕೊಪ್ಪ ರಸ್ತೆಯಲ್ಲಿ ಮತ್ತಿಗೋಡು ಶಿಬಿರದ ಹತ್ತಿರ ರಂಗ ಅನ್ನೋ ಆನೆ ಖಾಸಗಿ ಬಸ್ ಗುದ್ದಿ ಸತ್ತಿತ್ತು. ಅದು ದೊಡ್ಡ ಸುದ್ದಿ ಆಯ್ತು. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಗಾಡಿ ಓಡಾಟ ಬಂದ್ ಆಗಿದ್ದೂ ಪ್ರಾಣಿಗಳು ಹೀಗೆ ಸಾಯ್ತಿದ್ದವು ಅಂತಲೇ. ವಡಗೇರಾ ರೋಡಲ್ಲಿ ಸಾಯೋ ಹಂದಿ, ಚಿಗರಿ, ನರಿಗೆ ಹೆಸರಿಲ್ಲ, ಸುದ್ದಿ ಇಲ್ಲ. ಇಲ್ಲಿ ರಾತ್ರಿ ರೋಡ್ ಮುಚ್ಚೋಕೂ ಆಗೋದಿಲ್ಲ, ಜನ ಊರಿಗೆ ಹೋಗಬೇಕಲ್ಲ. ನಮ್ಮ ಕೈಯಲ್ಲಿರೋದು ಆಕ್ಸಿಲರೇಟರ್ ಒಂದೇ. 55ರಿಂದ 45ಕ್ಕೆ ಇಳಿಸಿದ್ರೆ ಇಪ್ಪತ್ತು ಕಿಲೋಮೀಟರ್ ದಾರಿಗೆ ಐದು ನಿಮಿಷ ಹೆಚ್ಚು ಹಿಡೀತದೆ, ಅಷ್ಟೇ.

ಮುಂದಿನ ಸಲ ಊರಿಗೆ ಹೊರಡೋ ಮುಂಚೆ ಪಾಲಿಸಿ ಪಿಡಿಎಫ್ ತೆಗೆದು ಮೂರು ಸಾಲು ನೋಡಿ: ಓನ್ ಡ್ಯಾಮೇಜ್ ಯಾವತ್ತಿನ ತನಕ ಇದೆ, ಪರ್ಸನಲ್ ಆಕ್ಸಿಡೆಂಟ್ ಕವರ್ ಇದೆಯಾ, ಮಾಲೀಕರ ಹೆಸರು ಯಾರದ್ದು. ಆ ಹೆಸರು ನಿಮ್ಮದಲ್ಲದಿದ್ರೆ ಇಪ್ಪತ್ತು ರೂಪಾಯಿ ಯೋಜನೆಗೆ ಇವತ್ತೇ ಸೈನ್ ಹಾಕಿ. ಗೆಳೆಯರಿಗೂ ಹಾಕಿಸಿ.